ಕುರಕುಂಟಾದ ಮಕ್ಕಳಿಗೆ ಸೊಪ್ಪು ರೂಢಿ ಮಾಡಿಸುವ ಯಂಕಮ್ಮ

ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಕುರಕುಂಟಾದ ಬಾಲವಾಡಿಯ ಹಿಂದೆ ಮೂರು ಕಲ್ಲಿನ ಒಲೆ ಹೊತ್ತಿಸಿ ಯಂಕಮ್ಮ ಬೇಳೆ ಬೇಯಲು ಇಟ್ಟಿದ್ದಾರೆ. ಕೈ ನುಗ್ಗೆ ಎಲೆ ಬಿಡಿಸುತ್ತಿದೆ. ಮೋಟುಗೋಡೆಯ ಆಚೆ ಇಬ್ಬರು ಹೆಂಗಸರು ಕಂಕುಳಲ್ಲಿ ಖಾಲಿ ಕೊಡ ಇಟ್ಟುಕೊಂಡು ನಿಂತಿದ್ದಾರೆ. ನೀರಿಗೆ ಹೋಗುವ ಅವಸರ ಅವರಿಗಿದ್ದಂತಿಲ್ಲ. ಗಡಿಗೆಯೊಳಗೆ ಏನೇನು ಬೀಳುತ್ತದೆ ಎಂದು ನೋಡುತ್ತಿದ್ದಾರೆ.

"ನೋಡ್ಲಿ ಬಿಡ್ರಿ," ಯಂಕಮ್ಮ ತಲೆ ಎತ್ತುವುದಿಲ್ಲ. "ಅದಕ್ಕೇ ನಾ ಒಳಗ ಅಡಗಿ ಮಾಡಂಗಿಲ್ಲ." ಆಮೇಲೆ ನನ್ನನ್ನೇ ಕೇಳುತ್ತಾರೆ, "ನೀವು ಪೇಪರಿನವ್ರು ಅಂದ್ರಿ. ಖರೇನಾ? ಆಫೀಸಿನವ್ರು ಅಲ್ಲಲ್ಲ?"

ಯಂಕಮ್ಮ ಮಳಖೇಡದವರು. ತಂದೆ ಚಂದ್ರಾಮ ಕಾಗಿಣಾ ನದಿಯಲ್ಲಿ ಮೀನು ಹಿಡಿಯುತ್ತಿದ್ದರು. ಗಂಡ ಜಟ್ಟೆಪ್ಪ ಕಲ್ಲಿನ ಗಣಿಗೆ ಹೋಗುತ್ತಾರೆ. ಬಾಲವಾಡಿಯಲ್ಲಿ ಆಯಾ ಕೆಲಸ ಸಿಕ್ಕಾಗ ಯಂಕಮ್ಮನಿಗೆ ಖುಷಿಯಾಗಿತ್ತು. ಆದರೆ ಎರಡು ವರ್ಷದ ಹಿಂದೆ, ಎಪ್ಪತ್ತಾರರಲ್ಲಿ, ಊರೂರಿಗೆ ಮಕ್ಕಳಾಗದಂತೆ ಮಾಡುವ ಆಪರೇಶನ್ನಿನ ಭಯ ಹಬ್ಬಿದಾಗ, ಬಾಲವಾಡಿಯ ಉಪ್ಪಿಟ್ಟಿಗೆ ಸರ್ಕಾರ ಕಳಿಸುವ ಹಳದಿ ಹಿಟ್ಟಿನ ಮೇಲೆ ಜನರ ಕಣ್ಣು ಬಿತ್ತು. ಅದರಲ್ಲಿ ಮಕ್ಕಳಾಗದ ಹಾಗೆ ಔಷಧಿ ಬೆರೆಸಿದ್ದಾರೆ ಎಂದು ಯಾರೋ ಹೇಳಿದರು. ಉಳಿದವರು ನಂಬಿದರು. ಬೇಯಿಸಿದ ಉಪ್ಪಿಟ್ಟು ನಾಯಿಗಳ ಪಾಲಾಯಿತು.

"ಸುಳ್ಳ್ಯಾಕ ಹೇಳ್ಲಿ, ನನಗೂ ಸಂಶಯ ಇತ್ರಿ," ಎನ್ನುತ್ತಾರೆ ಯಂಕಮ್ಮ. "ಮೊದಲ ನಾ ತಿಂದು, ಏನೂ ಆಗಲಿಲ್ಲಂತ ಆಮ್ಯಾಲ ಮಕ್ಕಳಿಗಿ ಕೊಟ್ಟೀನಿ. ಆದ್ರೂ ಯಾರೂ ನಂಬಲಿಲ್ಲ."

ಬಾಲವಾಡಿಗೆ ಮಕ್ಕಳು ಬಾರದಿದ್ದರೆ ತಾನೇ ಮನೆಗಳಿಗೆ ಹೋಗಬೇಕೆಂದು ಅವರು ನಿರ್ಧರಿಸಿದರು. ಕೈಯಲ್ಲಿ ಏನೂ ಒಯ್ಯುವುದಿಲ್ಲ. ಸಂಜೆ ಊಟದ ಹೊತ್ತಿಗೆ ಬಾಗಿಲ ಬಳಿ ಕೂತು, ಯಾವ ಮಗು ಏನು ತಿನ್ನುತ್ತದೆ, ಏನು ದೂಡುತ್ತದೆ ಎಂದು ನೋಡುತ್ತಾರೆ. ಹಿತ್ತಿಲಲ್ಲಿ ಬೆಳೆದ ಸೊಪ್ಪನ್ನೇ ಮಾಡಿರೆಂದು ಹೇಳುತ್ತಾರೆ.

ಹೋದ ಶ್ರಾವಣದಲ್ಲಿ ಒಕ್ಕಲುತನದ ಖಂಡೆಪ್ಪನ ಮನೆಗೂ ಹೋದರು. ಅವನ ಮೂರು ವರ್ಷದ ಮಗಳು ಬಸ್ಸಮ್ಮ ಚಹಾದಲ್ಲಿ ನೆನೆಸಿದ ರೊಟ್ಟಿ ಬಿಟ್ಟು ಬೇರೇನನ್ನೂ ಮುಟ್ಟುತ್ತಿರಲಿಲ್ಲ. ಖಂಡೆಪ್ಪನ ತಾಯಿ ಶಿವಕಾಂತಮ್ಮ ಯಂಕಮ್ಮನನ್ನು ಬಾಗಿಲಲ್ಲೇ ತಡೆದರು.

"ಸೆರಗು ಝಾಡಿಸು. ಏನರ ಕಟಗೊಂಡು ಬಂದಿಯೇನ?"

ಯಂಕಮ್ಮ ಸೆರಗು ಕೊಡವಿ ತೋರಿಸಿ ಕೂತರು. ಸೊಸೆ ನುಗ್ಗೆ ಸೊಪ್ಪಿನ ಪಲ್ಯ ಬಡಿಸಿದಳು. ಮಗು ಅದನ್ನು ದೂಡಿತು. ಮನೆಯವರು ಬಯ್ದರು, ಬಾಯಿಗೆ ತುರುಕಿದರು, ಮಗು ಉಗುಳಿತು. ತುರುಕಬೇಡಿ, ತಟ್ಟೆಯ ಅಂಚಿಗೆ ಚೂರು ಇಟ್ಟು ಸುಮ್ಮನಿರಿ ಎಂದರು ಯಂಕಮ್ಮ. ಎಷ್ಟೋ ಸಂಜೆ ಹೀಗೇ ಕಳೆಯಿತು. ಆ ಮಗು ದೀಪದ ಬೆಳಕಿನಲ್ಲಿ ತಟ್ಟೆಗಾಗಿ ತಡಕಾಡುವುದು ಅವರ ಕಣ್ಣಿಗೆ ಬಿತ್ತು. ಇನ್ನೊಂದನ್ನೂ ಅವರು ಗಮನಿಸಿದರು: ಪಲ್ಯ ಬಂದಾಗಲೆಲ್ಲ ಶಿವಕಾಂತಮ್ಮ ಮೂಗು ಮುರಿದು ತಟ್ಟೆ ಸರಿಸುತ್ತಿದ್ದರು, ಮಗು ಅಜ್ಜಿಯನ್ನೇ ನೋಡುತ್ತಿತ್ತು.

"ಯವ್ವಾ, ಕೂಸು ಪಲ್ಯ ನೋಡಂಗಿಲ್ರಿ, ನಿಮ್ಮ ಮಾರಿ ನೋಡ್ತದ," ಎಂದರು ಯಂಕಮ್ಮ. "ಮೊದಲ ನೀವು ತಿನ್ರಿ. ಮತ್ತ ಅದರ ಕಣ್ಣು ಒಮ್ಮಿ ಡಾಕ್ಟರಗಿ ತೋರಸ್ರಿ. ಕತ್ತಲಾದ್ರ ಅದಕ ಕಾಣಸ್ಲಿಕತ್ತಿಲ್ಲ."

ಶಿವಕಾಂತಮ್ಮ ಎದ್ದೇ ನಿಂತರು. "ನಮ್ಮ ಕೂಸಿಗಿ ಕುರುಡಿ ಅಂತಿ? ನಿನ್ನ ಕಣ್ಣೇ ತಾಗ್ಯಾವ! ನಡಿ ಹೊರಗ!"

ಮರುದಿನದಿಂದ ಓಣಿಯಲ್ಲೆಲ್ಲ ಯಂಕಮ್ಮನ ಕಣ್ಣು ಕೆಟ್ಟದ್ದೆಂಬ ಮಾತು. ಅವರನ್ನು ಕಂಡರೆ ತಾಯಂದಿರು ಮಗುವನ್ನು ಸೆರಗಿನಲ್ಲಿ ಮುಚ್ಚುತ್ತಿದ್ದರು. ಬಿಟ್ಟುಬಿಡು ಎಂದರು ಜಟ್ಟೆಪ್ಪ. ಯಂಕಮ್ಮ ಅತ್ತರು, ಬಿಡಲಿಲ್ಲ.

ಕೆಲವೇ ದಿನಗಳಲ್ಲಿ, ದೀಪ ಹಚ್ಚುವ ಹೊತ್ತಿಗೆ, ಬಸ್ಸಮ್ಮ ನಡೆದುಕೊಂಡು ಹೋಗಿ ನೇರ ಒಲೆಯ ಮೇಲೆ ಬಿತ್ತು. ಅಂಗೈ ಸುಟ್ಟಿತು. ಸೇಡಂ ದವಾಖಾನೆಯ ಡಾಕ್ಟರು ಕೈಗೆ ಮುಲಾಮು ಹಚ್ಚಿ, ಕಣ್ಣನ್ನೂ ನೋಡಿ, ಇದು ಇರುಳುಗುರುಡು ಎಂದರು. ಔಷಧಿ ಕುಡಿಸಿದರು. ಸೊಪ್ಪು ತಿನ್ನಿಸದಿದ್ದರೆ ಕಣ್ಣು ಮತ್ತೆ ಕೆಡುತ್ತದೆ ಎಂದು ಹೇಳಿ ಕಳಿಸಿದರು.

ಸೇಡಂನಿಂದ ಮರಳಿದ ದಿನ ಸಂಜೆ ಖಂಡೆಪ್ಪ ತಾನೇ ಬಂದು ಯಂಕಮ್ಮನನ್ನು ಮನೆಗೆ ಕರೆದ. ಶಿವಕಾಂತಮ್ಮ ತಪ್ಪಾಯಿತು ಎನ್ನಲಿಲ್ಲ.

"ನಾ ತಿಂತೀನಿ. ನೀ ಅಲ್ಲೇ ಕುಂದ್ರು," ಎಂದಷ್ಟೇ ಹೇಳಿದರು.

ಜನ್ಮದಲ್ಲಿ ನುಗ್ಗೆ ಸೊಪ್ಪು ಮುಟ್ಟದ ಮುದುಕಿ ತುತ್ತು ಬಾಯಿಗಿಟ್ಟರು. ಕಣ್ಣಲ್ಲಿ ನೀರು ಬಂತು, ಮುಖ ಮಾತ್ರ ಕಿವುಚಲಿಲ್ಲ. ಮೊಮ್ಮಗಳು ಬಹಳ ಹೊತ್ತು ಅನುಮಾನದಿಂದ ನೋಡಿತು. ಆ ದಿನ ಮುಟ್ಟಲಿಲ್ಲ. ಮರುದಿನವೂ ಇಲ್ಲ. ಮೂರನೆಯ ಸಂಜೆ ಅಜ್ಜಿಯ ತಟ್ಟೆಯಿಂದಲೇ ಒಂದು ಎಲೆ ಎತ್ತಿ ಬಾಯಿಗೆ ಹಾಕಿಕೊಂಡಿತು. ಇನ್ನೊಂದು ಎತ್ತಿಕೊಂಡಿತು.

ಈಗ ಬಸ್ಸಮ್ಮ ದೀಪದ ಹೊತ್ತಿಗೂ ಅಂಗಳದಲ್ಲಿ ಓಡುತ್ತದೆ. ಹಾಗೆಂದು ಊರು ಪೂರ್ತಿ ನಂಬಿದೆ ಎಂದಲ್ಲ. ಹಳದಿ ಹಿಟ್ಟು ಬೇಡ ಎನ್ನುವ ಮನೆಗಳು ಇನ್ನೂ ಇವೆ. ಮನೆಮನೆ ತಿರುಗಲು ಈಕೆಗೆ ಯಾರೋ ಏನೋ ಕೊಡುತ್ತಾರಂತೆ ಎಂದು ಹೋಟೆಲಿನಲ್ಲಿ ಒಬ್ಬರು ನನ್ನ ಕಿವಿಯಲ್ಲೂ ಉಸುರಿದರು.

ನಿಮಗೇನು ಆಸೆ ಎಂದು ಹೊರಡುವಾಗ ಕೇಳುತ್ತೇನೆ. ಯಂಕಮ್ಮ ಒಲೆಯ ಸೌದೆಯನ್ನು ಒಳಕ್ಕೆ ದೂಡುತ್ತಾರೆ.

"ಊರಾಗಿನ ಎಷ್ಟೋ ಮನ್ಯಾಗ ಊಟದ ಹೊತ್ತಿನಾಗ ಕುಂತೀನ್ರಿ. ಯಾರೂ ನನಗ ತಾಟು ಇಟ್ಟಿಲ್ಲ. ಮನಿಗಿ ಬಂದು ಉಣ್ತೀನಿ. ಒಂದಿನ ಯಾರರ, ಯಂಕಮ್ಮಾ, ನೀನೂ ಉಣ್ಣು ಬಾ ಅನ್ಬೇಕು. ಅಷ್ಟೇ ನೋಡ್ರಿ."