ಡಸ್ಟರ್ ಯಾರ ಕೈಯಲ್ಲಿದೆ?

ನಮ್ಮ ಅತ್ತೆಗೆ ಮಾತೆಂದರೆ ಪ್ರಾಣ. ಮಾತಿಗೆ ಕುಳಿತರೆ ಹಾಲು ಉಕ್ಕಿದ್ದೂ ತಿಳಿಯುತ್ತಿರಲಿಲ್ಲ. ಮಾವ ಒಲೆ ಆರಿಸಲು ಕಲಿತದ್ದೇ ಹಾಗೆ. ಇಂಥ ಅತ್ತೆ ಶಾಲೆಯಲ್ಲಿ ಪೌರನೀತಿ ಕಲಿಸುತ್ತಿದ್ದರು. ಅವರ ಮನೆಯಲ್ಲಿದ್ದು ಓದುತ್ತಿದ್ದ ನಾನು, ನನ್ನ ಗ್ರಹಚಾರಕ್ಕೆ, ಅವರದೇ ಕ್ಲಾಸಿನಲ್ಲಿದ್ದೆ.

ಅಲ್ಲಿ ಒಂದೇ ಕಾನೂನು. ಬೋರ್ಡ್ ಒರೆಸುವ ಡಸ್ಟರ್ ಯಾರ ಕೈಯಲ್ಲಿದೆಯೋ ಅವರಿಗೆ ಮಾತ್ರ ಮಾತು. ಉಳಿದವರ ಬಾಯಿಗೆ, ಅತ್ತೆಯ ಬಾಯಿಗೂ, ಬೀಗ. ಯಾರಾದರೂ ನಡುವೆ ಬಾಯಿ ಹಾಕಿದರೆ ‘ಡಸ್ಟರ್!’ ಎಂದು ಕೂಗುವ ಹಕ್ಕು ಮಾತ್ರ ಎಲ್ಲರಿಗೂ. ಡಸ್ಟರ್ ಬೆಂಚಿನಿಂದ ಬೆಂಚಿಗೆ ಸರದಿಯಲ್ಲಿ ಸಾಗುತ್ತಿತ್ತು. ಕಸದ ಬುಟ್ಟಿ ಎಲ್ಲಿಡಬೇಕೆಂಬುದಕ್ಕೂ ಚರ್ಚೆ, ಕೈಯೆತ್ತಿ ಮತ, ಗೆದ್ದವರ ಕುಣಿತ! ಪಕ್ಕದ ಕೋಣೆಯ ಗಣಿತದ ಮೇಷ್ಟ್ರು ತಲೆ ಚಿಟ್ಟು ಹಿಡಿದು ದೂರು ಕೊಟ್ಟರು. ಹೆಡ್‌ಮಾಸ್ಟರು ಈ ಪೀರಿಯಡ್ಡನ್ನೇ ಕಿತ್ತು ಗಣಿತಕ್ಕೆ ಕೊಡುತ್ತಾರಂತೆ ಎಂದು ಸುದ್ದಿ ಹಬ್ಬಿತು. ಅಂದು ಊಟಕ್ಕೆ ಕುಳಿತ ಅತ್ತೆ ತುಟಿ ಬಿಚ್ಚಲಿಲ್ಲ. ಮಾವ ಗಾಬರಿಯಾಗಿ ಅವರ ಹಣೆ ಮುಟ್ಟಿ ನೋಡಿದರು.

ಮರುದಿನ ಡಸ್ಟರ್ ಕೊನೆಯ ಬೆಂಚಿನ ಹುಡುಗಿಯ ಕೈಗೆ ಬಂತು. ಹಾಜರಿಗೂ ಬೆರಳೆತ್ತುವವಳೇ ಹೊರತು ಬಾಯಿ ಬಿಡುವವಳಲ್ಲ. ಅದನ್ನು ಎದೆಗವಚಿಕೊಂಡು ಸುಮ್ಮನೆ ನಿಂತಳು. ನಾವೂ ಸುಮ್ಮನೆ ಕಾದೆವು. ಆಗಲೇ ಹೆಡ್‌ಮಾಸ್ಟರು ಒಳಗೆ ಬಂದರು.

“ನಾಳೆಯಿಂದ ಈ ಪೀರಿಯಡ್...”

“ಸಾರ್, ಡಸ್ಟರ್ ನನ್ ಹತ್ರ ಇದೆ.”

ಅವಳೇ!

“ಮನೇಲಿ ನಾನೇ ಕೊನೆಯವಳು ಸಾರ್. ನಾನು ಮಾತಾಡೋ ಹೊತ್ತಿಗೆ ಎಲ್ರೂ ಎದ್ದು ಹೋಗಿರ್ತಾರೆ. ಇಲ್ಲಿ ಮಾತ್ರ ಕಾಯ್ತಾರೆ. ನನ್ ಪಕ್ಕ ಇನ್ನೂ ಇಬ್ರು ಇದ್ದಾರೆ. ಪೀರಿಯಡ್ ಕಿತ್ಕೊಂಡ್ರೆ ಅವ್ರ ಸರದಿ ಯಾವಾಗ?” ಎಂದವಳು ನೆಟ್ಟಗೆ ನಡೆದುಬಂದು ಡಸ್ಟರ್ ಚಾಚಿದಳು. “ನಂದು ಮುಗೀತು. ಈಗ ನೀವು ಮಾತಾಡ್ಬಹುದು.”

ಹೆಡ್‌ಮಾಸ್ಟರು ಡಸ್ಟರ್ ಹಿಡಿದದ್ದೇ ತಡ, ಸೀಮೆಸುಣ್ಣದ ಪುಡಿ ಮೂಗಿಗೇರಿ ಸೀನಿದರು. ಕರಿ ಕೋಟು ಬೆಳ್ಳಗಾಯಿತು. ನಾವು ಬಿದ್ದು ಬಿದ್ದು ನಕ್ಕೆವು.

“ಪೀರಿಯಡ್ ಇರ್ಲಿ,” ಎಂದರು ಮೂಗೊರೆಸಿಕೊಳ್ಳುತ್ತ. “ಆ ಇಬ್ರದ್ದೂ ಆಗ್ಲಿ. ಆಮೇಲೆ ಮತ್ತೆ ಮೊದಲ ಬೆಂಚಿಂದ ಶುರು ಮಾಡಿ.” ಡಸ್ಟರನ್ನು ಅವಳ ಪಕ್ಕದವಳಿಗೆ ಕೊಟ್ಟರು.

ಅತ್ತೆಗೆ ಖುಷಿ ತಡೆಯಲಾಗಲಿಲ್ಲ. “ನೋಡಿದ್ರಾ ಮಕ್ಕಳೇ, ಇದಕ್ಕೇ ನಾನು...”

“ಮಿಸ್, ಡಸ್ಟರ್!” ಇಡೀ ಕ್ಲಾಸು ಕೂಗಿತು. ಎಲ್ಲರಿಗಿಂತ ಜೋರು ಆ ಹುಡುಗಿಯದೇ ದನಿ.

ಅತ್ತೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕುರ್ಚಿಯಲ್ಲಿ ಕುಳಿತರು. ಅವರು ಅಷ್ಟು ಸುಖವಾಗಿ ಸುಮ್ಮನಿದ್ದದ್ದನ್ನು ನಾನು ಮತ್ತೆಂದೂ ನೋಡಲಿಲ್ಲ.