ಒಂಬತ್ತು ಪಂದ್ಯ, ಇಪ್ಪತ್ತೆಂಟು ಅಂಕ

ಮೆಟ್ರೋ ಕೊಸ್ತೆಲ್ನಿಕ್ ಎಂಬವನ ಎದುರಿಗೆ ಶಿಕಾಗೋ ಹೆಸರು ಎತ್ತಬಾರದು ಎಂಬುದು ಪಿಟ್ಸ್‌ಬರ್ಗ್ ಹತ್ತಿರ ಮಾನ್ ನದಿಯ ದಂಡೆಯ ಆ ಊರಿನಲ್ಲಿ ಹನ್ನೊಂದು ವರ್ಷ ನಡೆದುಕೊಂಡು ಬಂದ ಕಟ್ಟಳೆ. ಯಾರೂ ಅದನ್ನು ಬರೆದು ಗೋಡೆಗೆ ಅಂಟಿಸಿರಲಿಲ್ಲ. ಪೂರ್ವ ಯೂರೋಪಿನಿಂದ ಬಂದ ರುಸಿನ್ ಜನರ ಕ್ಲಬ್ಬಿನಲ್ಲಿ ಬಿಯರ್ ಸುರಿದುಕೊಡುವ ಚೆಸ್ಟರ್ ಹೊಸಬರ ಕಿವಿಯಲ್ಲಿ ಮೊದಲೇ ಹೇಳಿಬಿಡುತ್ತಿದ್ದ: "ಪಿಟ್ಸ್‌ಬರ್ಗ್ ತಂಡದ ಬಗ್ಗೆ ಏನು ಬೇಕಾದ್ರೂ ಕೇಳು. ಎಂಬತ್ತೈದರ ಶಿಕಾಗೋ ತಂಡದ ಮಾತು ಮಾತ್ರ ಬೇಡ. ಎದ್ದು ಹೋಗಿಬಿಡ್ತಾನೆ. ಆಮೇಲೆ ಒಂದು ವಾರ ಈ ಕಡೆ ತಲೆ ಹಾಕಲ್ಲ."

ಮೆಟ್ರೋ ಉಕ್ಕಿನ ಕಾರ್ಖಾನೆಯಲ್ಲಿ ಇಪ್ಪತ್ತನಾಲ್ಕು ವರ್ಷ ಕ್ರೇನ್ ನಡೆಸಿದವನು. ಮದುವೆಯಾಗಲಿಲ್ಲ. ಅಪ್ಪ ಕಟ್ಟಿಸಿದ ಗುಡ್ಡದ ಮೇಲಿನ ಇಟ್ಟಿಗೆ ಮನೆಯಲ್ಲಿ ಒಬ್ಬನೇ ಇದ್ದ. ಮಾತು ಕಡಿಮೆ. ಆದರೆ ಎಪ್ಪತ್ತಾರನೇ ಇಸವಿಯ ಪಿಟ್ಸ್‌ಬರ್ಗ್ ಡಿಫೆನ್ಸ್ ವಿಷಯ ಬಂತೆಂದರೆ, ಅಮೆರಿಕನ್ ಫುಟ್‌ಬಾಲಿನಲ್ಲಿ ಎದುರಾಳಿ ಚೆಂಡು ಹೊತ್ತು ಮುಂದೆ ಬರದಂತೆ ತಡೆದ ಆ ಹನ್ನೊಂದು ಮಂದಿಯ ವಿಷಯ ಬಂತೆಂದರೆ, ಅವನ ನಾಲಗೆ ಸಡಿಲವಾಗುತ್ತಿತ್ತು. ಆ ವರ್ಷ ಮೊದಲ ಐದು ಪಂದ್ಯಗಳಲ್ಲಿ ನಾಲ್ಕನ್ನು ಸೋತು ತಂಡ ನೆಲ ಕಚ್ಚಿತ್ತು. ಆಮೇಲೆ ಸಾಲಾಗಿ ಒಂಬತ್ತು ಗೆದ್ದಿತು. ಆ ಒಂಬತ್ತರಲ್ಲಿ ಐದು ಪಂದ್ಯಗಳಲ್ಲಿ ಎದುರಾಳಿಗೆ ಸೊನ್ನೆ. ಒಂಬತ್ತಕ್ಕೂ ಸೇರಿ ಬಿಟ್ಟುಕೊಟ್ಟದ್ದು ಇಪ್ಪತ್ತೆಂಟು ಅಂಕ. ಇದಕ್ಕಿಂತ ದೊಡ್ಡ ಡಿಫೆನ್ಸ್ ಹಿಂದೆ ಇರಲಿಲ್ಲ, ಮುಂದೆ ಬರುವುದೂ ಇಲ್ಲ ಎಂಬುದು ಅವನ ತೀರ್ಮಾನ. ಕೊನೆಗೆ ಆ ತಂಡ ಓಕ್ಲೆಂಡಿನಲ್ಲಿ ಸೋತು ಕಪ್ ಕೈತಪ್ಪಿಸಿಕೊಂಡಿತಲ್ಲ ಎಂದು ಯಾರಾದರೂ ಕೆಣಕಿದರೆ ಗ್ಲಾಸಿನ ಕಡೆ ನೋಡುತ್ತ ಕುಳಿತುಬಿಡುತ್ತಿದ್ದ.

ಆ ಒಂಬತ್ತು ಪಂದ್ಯಗಳಲ್ಲಿ ಪಿಟ್ಸ್‌ಬರ್ಗ್ ಮೈದಾನದಲ್ಲಿ ನಡೆದವನ್ನೆಲ್ಲ ಅವನು ಒಬ್ಬನೇ ನೋಡಿದ್ದಲ್ಲ. ಪಕ್ಕದ ಸೀಟಿನಲ್ಲಿ ಅಕ್ಕ ಓಲ್ಗಾಳ ಗಂಡ ರೀಜಿಸ್ ಟಿಯರ್ನಿ ಇರುತ್ತಿದ್ದ. ಇಬ್ಬರದೂ ಒಂದೇ ಕಾರ್ಖಾನೆ, ಒಂದೇ ಪಾಳಿ. ಆ ಶರತ್ಕಾಲ ಅಪ್ಪ ವಸಿಲ್ ಮುಂದಿನ ಕೋಣೆಯಲ್ಲಿ ಹಾಸಿಗೆ ಹಿಡಿದಿದ್ದ. ನಲವತ್ತು ವರ್ಷ ಕುಲುಮೆಯ ಹೊಗೆ ಕುಡಿದ ಶ್ವಾಸಕೋಶ, ಮೂಗಿಗೆ ಆಮ್ಲಜನಕದ ಕೊಳವೆ. ಭಾನುವಾರ ಇಬ್ಬರೂ ಮೈದಾನದಿಂದ ಬಂದು ಟೋಪಿ ತೆಗೆಯುವ ಮೊದಲೇ ಮುದುಕ ಕೇಳುತ್ತಿದ್ದ, "ಎಷ್ಟು ಕೊಟ್ರು?" ರೀಜಿಸ್ ಬೆರಳುಗಳನ್ನು ದುಂಡಗೆ ಮಾಡಿ ಸೊನ್ನೆ ತೋರಿಸುತ್ತಿದ್ದ. ಮುದುಕನಿಗೆ ನಗಲು ಉಸಿರು ಸಾಲುತ್ತಿರಲಿಲ್ಲ, ಹುಬ್ಬು ಏರಿಸುತ್ತಿದ್ದ. ಶನಿವಾರಕ್ಕೊಮ್ಮೆ ಅವನ ಗಡ್ಡ ಹೆರೆಯುತ್ತಿದ್ದವನು ಮಗನಲ್ಲ, ಅಳಿಯ. ಮೆಟ್ರೋನ ಕೈ ನಡುಗುತ್ತಿತ್ತು.

ಕ್ರಿಸ್‌ಮಸ್ಸಿಗೆ ಎರಡು ದಿನ ಇರುವಾಗ ವಸಿಲ್‌ನನ್ನು ಗುಡ್ಡದ ಸ್ಮಶಾನದಲ್ಲಿ ಮಣ್ಣು ಮಾಡಿದರು. ಅದಾದ ಮೂರನೇ ದಿನ ತಂಡ ಓಕ್ಲೆಂಡಿನಲ್ಲಿ ಸೋತಿತು.

ಎಂಬತ್ನಾಲ್ಕರಲ್ಲಿ ಕಾರ್ಖಾನೆ ಮುಚ್ಚಿತು. ಮೆಟ್ರೋ ಶಾಲೆಯ ಬಾಯ್ಲರ್ ನೋಡಿಕೊಳ್ಳುವ ಕೆಲಸ ಹಿಡಿದು ಊರಲ್ಲೇ ಉಳಿದ. ರೀಜಿಸ್ ಎಂಟು ತಿಂಗಳು ಅಲೆದ. ಕೊನೆಗೆ ಶಿಕಾಗೋ ಪಕ್ಕದ ಹ್ಯಾಮಂಡ್‌ನಲ್ಲಿ ಉಕ್ಕಿನ ಕೆಲಸ ಸಿಕ್ಕಿ ಓಲ್ಗಾಳನ್ನು ಕರೆದುಕೊಂಡು ಹೊರಟ. ಹೊರಡುವ ದಿನ ಮೆಟ್ರೋ ಸಾಮಾನು ಹೊತ್ತು ಗಾಡಿಗೆ ತುಂಬಿದ. ಹೋಗಬೇಡಿ ಎನ್ನಲಿಲ್ಲ, ಹೋಗಿಬನ್ನಿ ಎಂದೂ ಹೇಳಲಿಲ್ಲ.

ಎಂಬತ್ತೈದರ ಆಟದ ಋತು ಮುಗಿಯುವ ಹೊತ್ತಿಗೆ, ಎಂಬತ್ತಾರರ ಜನವರಿಯಲ್ಲಿ, ಶಿಕಾಗೋ ತಂಡ ಎದುರಾಳಿಗಳನ್ನು ಹೊಸಕಿ ಹಾಕಿ ಕಪ್ ಗೆದ್ದಿತು. ಮಾರನೆಯ ದಿನ ರೀಜಿಸ್ ಫೋನ್ ಮಾಡಿದ. ಆ ಕಡೆಯ ಹವಾಮಾನ, ಈ ಕಡೆಯ ಹಿಮ ಎಲ್ಲ ಆದಮೇಲೆ ಅವನು ಹೇಳಿದ:

"ನೋಡು ಮೆಟ್ರೋ, ನಿಜ ಹೇಳ್ತೀನಿ. ಈ ಡಿಫೆನ್ಸ್ ನಮ್ಮ ಎಪ್ಪತ್ತಾರಕ್ಕಿಂತ ಒಂದು ಕೈ ಮೇಲು."

"ಅಲ್ಲಿನ ಅನ್ನ ತಿಂದು ಒಂದು ವರ್ಷ ಆಗಿಲ್ಲ," ಎಂದ ಮೆಟ್ರೋ. "ಆಗಲೇ ನಾಲಗೆ ಅವರದಾಯ್ತಾ?" ಫೋನ್ ಇಟ್ಟುಬಿಟ್ಟ.

ಹನ್ನೊಂದು ವರ್ಷ ಅವರಿಬ್ಬರ ನಡುವೆ ಮಾತಿರಲಿಲ್ಲ. ಓಲ್ಗಾ ಮಾತ್ರ ಗಂಡ ಮನೆಯಲ್ಲಿಲ್ಲದ ಹೊತ್ತು ನೋಡಿ ತಮ್ಮನಿಗೆ ಫೋನ್ ಮಾಡುತ್ತಿದ್ದಳು. ಇಷ್ಟು ಚಿಕ್ಕ ಮಾತಿಗೆ ಇಷ್ಟು ದೊಡ್ಡ ಮುನಿಸೇ ಎಂದು ಕ್ಲಬ್ಬಿನವರು ಆಡಿಕೊಂಡರು. ಮೆಟ್ರೋಗೆ ಅದು ಚಿಕ್ಕದಾಗಿರಲಿಲ್ಲ. ಅಪ್ಪನ ಹಾಸಿಗೆಯ ಪಕ್ಕ ನಿಂತು ಬೆರಳಲ್ಲಿ ಸೊನ್ನೆ ತೋರಿಸಿದವನೇ ಈಗ ಅದು ದೊಡ್ಡದೇನಲ್ಲ ಎಂದುಬಿಟ್ಟನಲ್ಲ ಎಂದು ಅವನ ಎದೆಯಲ್ಲಿ ಕುಳಿತಿತ್ತು. ಅದನ್ನು ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ.

ತೊಂಬತ್ತೇಳರ ಆಗಸ್ಟ್‌ನಲ್ಲಿ ಓಲ್ಗಾಳ ಫೋನ್ ಬಂತು. ತನಗೆ ಯಕೃತ್ತಿನಲ್ಲಿ ಕ್ಯಾನ್ಸರ್, ಚಿಕಿತ್ಸೆ ಬೇಡವೆಂದು ಹೇಳಿಬಿಟ್ಟಿದ್ದೇನೆ ಎಂದಳು. ಗುಡ್ಡದ ಸ್ಮಶಾನದಲ್ಲಿ ಅಪ್ಪ ಅಮ್ಮನ ಪಕ್ಕದಲ್ಲಿ ಮಲಗಬೇಕು, ಅದಕ್ಕೂ ಮೊದಲು ಆ ಮುಂದಿನ ಕೋಣೆಯಲ್ಲಿ ಸ್ವಲ್ಪ ದಿನ ಇರಬೇಕು ಎಂದಳು. ಮೆಟ್ರೋ ಕೋಣೆಗೆ ಸುಣ್ಣ ಬಳಿದ. ಕಿಟಕಿಯಿಂದ ನದಿ ಕಾಣುವಂತೆ ಮಂಚ ತಿರುಗಿಸಿದ. ನಾಲ್ಕನೇ ದಿನ ರೀಜಿಸ್ ಅವಳನ್ನು ಕಾರಿನಲ್ಲಿ ಕರೆತಂದ. ಅವನ ತಲೆ ಪೂರಾ ಬೆಳ್ಳಗಾಗಿತ್ತು. ಇಬ್ಬರು ಗಂಡಸರೂ ಎರಡು ಕಡೆಯಿಂದ ಅವಳನ್ನು ಹಿಡಿದು ಮೆಟ್ಟಿಲು ಹತ್ತಿಸಿದರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಎರಡು ವಾರ ಹಾಗೇ ಕಳೆಯಿತು. ಒಬ್ಬ ಸಾರು ಬಿಸಿ ಮಾಡಿದರೆ ಇನ್ನೊಬ್ಬ ಹಾಸಿಗೆಯ ಬಟ್ಟೆ ಬದಲಿಸುತ್ತಿದ್ದ. ಔಷಧಿಯ ಹೊತ್ತನ್ನು ಒಂದು ಚೀಟಿಯಲ್ಲಿ ಬರೆದು ಅಡುಗೆಮನೆಯ ಮೇಜಿನ ಮೇಲೆ ಇಡುತ್ತಿದ್ದರು. ಮಾತಿನ ಬದಲು ಆ ಚೀಟಿ ಓಡಾಡುತ್ತಿತ್ತು.

ಸೆಪ್ಟೆಂಬರಿನ ಒಂದು ಭಾನುವಾರ ಮಧ್ಯಾಹ್ನ ಪಂದ್ಯ ಹಾಕಿದ್ದರು. ಮೂವರೂ ಟಿವಿ ನೋಡುತ್ತಿದ್ದರು. ಓಲ್ಗಾ ಟಿವಿ ಆರಿಸಲು ಹೇಳಿದಳು.

"ನಾನಿನ್ನೂ ಸತ್ತಿಲ್ಲ," ಎಂದಳು. "ಮನೆ ಮಾತ್ರ ಆಗಲೇ ಹೆಣದ ಮನೆ ಆಗಿದೆ. ಮೆಟ್ರೋ, ಶುರು ಮಾಡು."

"ಏನನ್ನ?"

"ಜಗಳಾನ. ಮದುವೆಯಾದಾಗಿನಿಂದ ಅಡುಗೆಮನೇಲಿ ನಿಂತು ನಿಮ್ಮಿಬ್ಬರ ಜಗಳ ಕೇಳಿಸ್ಕೊಂಡೇ ಪಿರೋಗಿ ಕಡುಬು ಮಡಚಿದೋಳು ನಾನು. ಈ ಮೌನ ನನಗೆ ಆಗಲ್ಲ."

ಮೆಟ್ರೋ ಕಿಟಕಿಯ ಕಡೆ ಮುಖ ಮಾಡಿಕೊಂಡು, ಯಾರಿಗೋ ಹೇಳುವಂತೆ ಹೇಳಿದ: "ಒಂಬತ್ತು ಪಂದ್ಯಕ್ಕೆ ಇಪ್ಪತ್ತೆಂಟು ಅಂಕ."

ರೀಜಿಸ್ ಕುರ್ಚಿಯನ್ನು ಮಂಚದ ಹತ್ತಿರ ಎಳೆದುಕೊಂಡ. "ಅದರಲ್ಲಿ ಕೈಲಾಗದ ತಂಡಗಳು ಎಷ್ಟಿದ್ವು ಅಂತಾನೂ ಹೇಳು."

"ಕೈಲಾಗದವರಿಗೆ ಸೊನ್ನೆ ಕೊಡೋದು ಸುಲಭಾನಾ? ನಿಮ್ಮ ಶಿಕಾಗೋ ಎಷ್ಟು ಸಲ ಕೊಟ್ಟಿತು?"

"ಕಪ್ಪಿಗೆ ಹೋಗೋ ದಾರೀಲೇ ಎರಡು ಸಲ. ಅದೂ ಎಪ್ಪತ್ತೆಂಟರ ನಿಯಮ ಬಂದಮೇಲೆ. ನಮ್ಮ ಕಾಲದಲ್ಲಿ ಚೆಂಡು ಹಿಡಿಯೋಕೆ ಓಡೋನನ್ನ ಮೈದಾನದುದ್ದಕ್ಕೂ ತಳ್ಳಾಡ್ಕೊಂಡು ಹೋಗಬಹುದಿತ್ತು. ಇವರಿಗೆ ಐದು ಗಜ ದಾಟಿದ ಮೇಲೆ ಮುಟ್ಟೋ ಹಾಗಿರಲಿಲ್ಲ. ಕೈ ಕಟ್ಟಿ ಹಾಕಿದ್ರೂ ತಡೆದ್ರು."

ನಮ್ಮ ಕಾಲ ಎಂದದ್ದು ಮೆಟ್ರೋನ ಕಿವಿಗೆ ಬಿತ್ತು. ಆ ನಿಯಮ ತಂದದ್ದೇ ನಮ್ಮವರನ್ನು ಬೇರೆ ರೀತಿಯಲ್ಲಿ ತಡೆಯಲಾಗದೆ, ಅದಕ್ಕಿಂತ ದೊಡ್ಡ ಸನ್ಮಾನ ಬೇಕೇ ಎಂದು ಅವನು ತಿರುಗೇಟು ಕೊಟ್ಟ. ಓಲ್ಗಾ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು. ಅಂದಿನಿಂದ ದಿನವೂ ಮಧ್ಯಾಹ್ನ ಅವಳ ಮಂಚದ ಎರಡು ಕಡೆ ಕುಳಿತು ಇಬ್ಬರೂ ವಾದಿಸಿದರು. ಅವಳು ಮಧ್ಯೆ ಮಧ್ಯೆ, "ಅದನ್ನ ನಿನ್ನೆಯೇ ಹೇಳಿದ್ದೆ, ಹೊಸದು ಹೇಳು," ಎನ್ನುತ್ತಿದ್ದಳು.

ಅಕ್ಟೋಬರಿನಲ್ಲಿ ಅವಳು ಹೆಚ್ಚು ಹೊತ್ತು ನಿದ್ದೆಯಲ್ಲೇ ಇರತೊಡಗಿದಳು. ಒಂದು ದಿನ ಅವಳು ಮಲಗಿದ್ದಾಗ ರೀಜಿಸ್ ತಾನಾಗಿ ಆ ಫೋನಿನ ಮಾತು ತೆಗೆದ. ಹ್ಯಾಮಂಡ್‌ಗೆ ಹೋದ ಮೇಲೆ ತಿಂಗಳುಗಟ್ಟಲೆ ಕಾರ್ಖಾನೆಯಲ್ಲಿ ಯಾರೂ ಅವನನ್ನು ಹೆಸರು ಹಿಡಿದು ಕರೆದಿರಲಿಲ್ಲವಂತೆ. ಕಪ್ ಗೆದ್ದ ದಿನ ಬಾರಿನಲ್ಲಿ ಗುರುತಿಲ್ಲದವನೊಬ್ಬ ಬಂದು ತಬ್ಬಿಕೊಂಡನಂತೆ. ಮನೆಗೆ ಬಂದವನೇ ನೆನೆಸಿಕೊಂಡದ್ದು ಮೆಟ್ರೋನನ್ನು.

"ನೀನು ಒಂದು ಗಂಟೆ ಬೈತೀಯ ಅಂತ ಫೋನ್ ಮಾಡಿದ್ದೆ ಕಣೋ," ಎಂದ ರೀಜಿಸ್. "ಮೊದಲಿನ ಹಾಗೆ. ನೀನು ಇಟ್ಟುಬಿಟ್ಟೆ."

ಮೆಟ್ರೋ ಅಪ್ಪನ ವಿಷಯ ಹೇಳಬೇಕೆಂದುಕೊಂಡ. ರೀಜಿಸ್ ಓಲ್ಗಾಳ ತುಟಿಗೆ ಹಚ್ಚಲು ನೀರಿನಲ್ಲಿ ಅದ್ದಿದ ಹತ್ತಿ ಹಿಡಿದಿದ್ದ. ಮೆಟ್ರೋ ಆ ಕೈ ಅಲುಗದೆ ನಿಂತದ್ದನ್ನು ನೋಡುತ್ತ ಕುಳಿತ. ಆಮೇಲೆ, "ಹೋಗಬೇಡ ಅಂತ ಅವತ್ತೇ ಹೇಳಬೇಕಾಗಿತ್ತು," ಎಂದ.

"ಹೇಳಿದ್ರೂ ಹೋಗ್ತಿದ್ದೆ. ಕೆಲಸ ಎಲ್ಲಿತ್ತು?"

"ಆದರೂ ಹೇಳಬೇಕಾಗಿತ್ತು."

ಓಲ್ಗಾ ಆ ವಾರದ ಗುರುವಾರ ಬೆಳಿಗ್ಗೆ ತೀರಿಕೊಂಡಳು. ಮಣ್ಣು ಮಾಡಿ ಬಂದವರಿಗೆಲ್ಲ ಚರ್ಚಿನ ಕೆಳಮಹಡಿಯಲ್ಲಿ ಊಟ. ಎಲೆಕೋಸು ಬೆರೆಸಿದ ಹಲುಷ್ಕಿ ಎಂಬ ಹಿಟ್ಟಿನ ತಿನಿಸು, ಹಂದಿಮಾಂಸದ ಹ್ಯಾಮ್, ಪಿರೋಗಿ. ಕ್ಲಬ್ಬಿನ ಗಂಡಸರು ಭಾವ ಭಾಮೈದ ಒಂದೇ ಮೇಜಿನಲ್ಲಿ ಕುಳಿತದ್ದನ್ನು ಕದ್ದು ಕದ್ದು ನೋಡುತ್ತಿದ್ದರು. ಚೆಸ್ಟರ್ ಧೈರ್ಯ ಮಾಡಿ ಬಂದು, ಓಲ್ಗಾ ಕೊನೆಗೆ ಯಾರ ಕಡೆ ತೀರ್ಪು ಕೊಟ್ಟಳು ಎಂದು ಮೆಲ್ಲಗೆ ಕೇಳಿದ. ಕೊಡಲಿಲ್ಲ ಎಂದ ರೀಜಿಸ್.

ಆಗ ಮೆಟ್ರೋ ಯಾರೂ ಕೇಳದಿದ್ದರೂ ಓಕ್ಲೆಂಡಿನ ಮಾತು ತೆಗೆದ. ಇಪ್ಪತ್ತೊಂದು ವರ್ಷದಲ್ಲಿ ಮೊದಲ ಸಲ.

"ಅವತ್ತು ನಾವು ಸೋತ್ವಿ," ಎಂದ. "ಚೆಂಡು ಹೊತ್ತು ಓಡೋ ಇಬ್ಬರೂ ಪೆಟ್ಟು ತಿಂದು ಹೊರಗಿದ್ರು, ಅದು ನಿಜ. ಆದರೂ ಸೋತ್ವಿ. ನಾನೂ ಇವನೂ ಅಡುಗೆಮನೇಲಿ ರೇಡಿಯೊ ಮುಂದೆ ಕೂತಿದ್ವಿ. ಅಪ್ಪನಿಗೆ ಇದು ಗೊತ್ತಾಗಲಿಲ್ಲವಲ್ಲ ಅಂತ ನನಗೆ ಸಮಾಧಾನ ಆಯ್ತು. ಆಮೇಲೆ ಆ ಸಮಾಧಾನಕ್ಕೇ ಅಳು ಬಂತು."

ರೀಜಿಸ್ ತಟ್ಟೆ ನೋಡುತ್ತಿದ್ದ. "ಗೊತ್ತು," ಎಂದ. "ನಾನು ಅಲ್ಲೇ ಇದ್ನಲ್ಲ."

ಪಿಂಚಣಿಗೆ ಇನ್ನೂ ಎರಡು ವರ್ಷ ಬಾಕಿಯಿದ್ದುದರಿಂದ ರೀಜಿಸ್ ಹ್ಯಾಮಂಡ್‌ಗೆ ಮರಳಿದ. ಗಾಡಿಯ ಹತ್ತಿರ ನಿಂತು ಮೆಟ್ರೋ ಈ ಸಲ ಬಾಯಿಬಿಟ್ಟು ಹೇಳಿದ, ಮುಂದಿನ ಕೋಣೆ ಖಾಲಿ ಇದೆ, ಬೇರೆ ಯಾರಿಗೂ ಕೊಡುವುದಿಲ್ಲ ಎಂದು. ತೊಂಬತ್ತೊಂಬತ್ತರ ವಸಂತದಲ್ಲಿ ರೀಜಿಸ್ ಎರಡು ಪೆಟ್ಟಿಗೆಗಳೊಂದಿಗೆ ಬಂದು ಆ ಕೋಣೆ ಸೇರಿದ. ಆಮೇಲೆ ಹನ್ನೆರಡು ವರ್ಷ ಇಬ್ಬರೂ ಆ ಮನೆಯಲ್ಲಿ ಬಾಳಿದರು. ತಮ್ಮ ತಮ್ಮ ತಂಡವನ್ನು ಇಬ್ಬರೂ ಬಿಟ್ಟುಕೊಡಲಿಲ್ಲ. ಮೆಟ್ರೋಗೆ ಕಿವಿ ಮಂದವಾದ ಮೇಲೆ ರೀಜಿಸ್ ಮೇಜಿನ ಈ ಕಡೆಗೆ ಬಂದು, ಕೇಳಿಸುವ ಕಿವಿಯ ಪಕ್ಕ ಕುಳಿತು, ಅವನ ವಾದವೆಲ್ಲ ತಪ್ಪು ಎಂದು ಜೋರಾಗಿ ಹೇಳುತ್ತಿದ್ದ.