ಅವರು ನಿಮಗೇನಾಗಬೇಕು?

ಮೇಣದಕ್ಕನಿಗೆ ಕೋಪ ಬರುವುದು ಅಪರೂಪ. ಬಂದರೆ ಮಾತ್ರ ಲ್ಯಾಬಿನ ಗಡಿಯಾರವೂ ಸದ್ದು ಮಾಡಲು ಹೆದರುತ್ತದೆ ಎಂದು ಜೊತೆಯವರು ತಮಾಷೆ ಮಾಡುತ್ತಿದ್ದರು. ಆ ಸೋಮವಾರ ಕೋಪ ಬಂತು.

ಅವಳ ಕೆಲಸ ಆಸ್ಪತ್ರೆಯ ನೆಲಮಾಳಿಗೆಯಲ್ಲಿ. ಆಪರೇಷನ್ನಿನಲ್ಲಿ ತೆಗೆದ ಗಡ್ಡೆಯ ಚೂರನ್ನು ಮೇಣದಲ್ಲಿ ಕೂರಿಸಿ, ಈರುಳ್ಳಿ ಪೊರೆಗಿಂತ ತೆಳ್ಳಗೆ ಕೊಯ್ದು ಗಾಜಿನ ಮೇಲೆ ಹರಡಬೇಕು. ಉಳಿದ ಮೇಣದ ಬಿಲ್ಲೆಗೆ ನಂಬರು ಹಾಕಿ ಬೀರುವಿನಲ್ಲಿಡಬೇಕು. ಮೂವತ್ತೊಂದು ವರ್ಷದಲ್ಲಿ ಒಂದೇ ಒಂದು ನಂಬರು ಅದಲುಬದಲಾಗಿರಲಿಲ್ಲ. ಅದರ ಬಗ್ಗೆ ಅವಳಿಗೆ ಹೆಮ್ಮೆ, ಸ್ವಲ್ಪ ಜಂಬವೂ ಇತ್ತೆನ್ನಿ. ಇರಲಿ, ಗಳಿಸಿದ್ದಲ್ಲವೇ!

ಒಂದು ಚಾಳಿಯೂ ಇತ್ತು. ಚೂರಿನ ಬಾಟಲಿ ಹಿಡಿದು ಕಿಟಕಿಗೆ ಬಂದವರನ್ನು “ಅವರು ನಿಮಗೇನಾಗ್ಬೇಕು?” ಎಂದು ಕೇಳದೆ ಬಿಡುತ್ತಿರಲಿಲ್ಲ. ಹೇಳಿದ್ದನ್ನು ಆ ರೋಗಿಯ ಕಾರ್ಡಿನ ಹಿಂಬದಿಗೆ ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದಳು. ಅಲ್ಲಿ ಕೈಯೆಲ್ಲ ಸ್ಪಿರಿಟ್ಟು. ಶಾಯಿ ಅಳಿಸಿಹೋಗುತ್ತದೆ, ಪೆನ್ಸಿಲ್ ಗೀಟು ಜಪ್ಪಯ್ಯ ಅಂದರೂ ಹೋಗುವುದಿಲ್ಲ.

“ಇದೇನು ಲ್ಯಾಬೋ, ಮದುವೆ ದಲ್ಲಾಳಿ ಅಂಗಡಿಯೋ? ನಿಮಗ್ಯಾಕಮ್ಮ ಊರ ಉಸಾಬರಿ?” ಎಂದು ದೊಡ್ಡ ಡಾಕ್ಟರು ರೇಗುತ್ತಿದ್ದರು.

“ಬಾಯಿ ಸುಮ್ನಿರಲ್ಲ ಸಾರ್,” ಎನ್ನುತ್ತಿದ್ದಳು, ಬರೆಯುವುದನ್ನು ನಿಲ್ಲಿಸದೆ.

ಈಗ ಮೇಲಿನ ಮಹಡಿಗೆ ಜೀನ್ ಹುಡುಕುವ ಡಾಕ್ಟರೊಬ್ಬ ಬಂದಿದ್ದ. ಒಂದೇ ಮನೆಯ ಏಳು ಹೆಂಗಸರಿಗೆ ಎದೆಯ ಕ್ಯಾನ್ಸರ್ ಆಗಿತ್ತು, ಏಳು ಜನರೂ ತೀರಿಕೊಂಡಿದ್ದರು. ರಕ್ತದಲ್ಲಿ ಇಳಿದು ಬರುವ ಯಾವುದೋ ಜೀನ್ ಇದಕ್ಕೆ ಕಾರಣ ಎಂದು ಅವನ ಗುಮಾನಿ. ಏಳೂ ಬಿಲ್ಲೆಗಳನ್ನು ಒಯ್ದು ಪರೀಕ್ಷಿಸಿದ. ಆರರಲ್ಲಿ ಒಂದೇ ಜೀನಿನಲ್ಲಿ ಒಂದೇ ದೋಷ ಸಿಕ್ಕಿತು. ಏಳನೆಯದರಲ್ಲಿ ಇಲ್ಲ.

“ಇದು ಅದಲುಬದಲಾಗಿರ್ಬೇಕು ಅಕ್ಕ,” ಎಂದ ಆ ಸೋಮವಾರ. “ಇಲ್ಲಾಂದ್ರೆ ನಾನು ಹಿಡಿದಿರೋ ಜೀನೇ ತಪ್ಪು. ಆ ಮನೇಲಿ ಒಬ್ಬಳು ಮೊಮ್ಮಗಳು ಉಳಿದಿದ್ದಾಳೆ. ಇದು ಇತ್ಯರ್ಥ ಆಗದೆ ಅವಳ ರಕ್ತ ನೋಡಿ ಏನಂತ ಹೇಳ್ಲಿ?”

“ನನ್ನ ಕೈಯಲ್ಲಿ ಅದಲುಬದಲಾ?”

ಗಡಿಯಾರ ಹೆದರಿತೋ ಇಲ್ಲವೋ, ಡಾಕ್ಟರ್ ಒಂದು ಹೆಜ್ಜೆ ಹಿಂದೆ ಸರಿದ. ಮೇಣದಕ್ಕ ಡ್ರಾಯರ್ ಎಳೆದು ಕಾರ್ಡು ತೆಗೆದಳು. ಮುಂಬದಿಯಲ್ಲಿ ಮನೆತನದ ಹೆಸರು, ವಯಸ್ಸು, ನಂಬರು. ಅಷ್ಟನ್ನೇ ನೋಡಿ ಅವನು ತನ್ನ ವಂಶದ ನಕ್ಷೆಯಲ್ಲಿ ‘ಹಿರಿಮಗಳು’ ಎಂದು ಸೇರಿಸಿದ್ದ. ಅವಳು ಕಾರ್ಡು ತಿರುಗಿಸಿದಳು. ‘ಸೊಸೆ. ಬಾಟಲಿ ತಂದವರು ಮೈದುನ.’

“ಬೇರೆ ಮನೆಯಿಂದ ಬಂದ ಹೆಣ್ಣುಮಗಳು ಇವರು. ಈ ಮನೆ ರಕ್ತ ಇವರಿಗೆಲ್ಲಿಂದ ಬರುತ್ತೆ ಡಾಕ್ಟ್ರೇ?”

ಸೊಸೆಯದು ಯಾರಿಗೆ ಬೇಕಾದರೂ ಬರಬಹುದಾದ ಕ್ಯಾನ್ಸರ್. ಜೀನ್ ಸರಿಯಾಗಿಯೇ ಇತ್ತು, ನಕ್ಷೆ ತಪ್ಪಿತ್ತು. ಅವನು ಉಳಿದ ಆರೂ ಕಾರ್ಡುಗಳನ್ನು ತಿರುಗಿಸಿದ. ತಾಯಿ, ತಂಗಿ, ಅಕ್ಕ, ಚಿಕ್ಕಮ್ಮ... ಎಲ್ಲ ಅಲ್ಲೇ ಇದ್ದರು.

“ತಪ್ಪು ನಂದು ಅಕ್ಕ,” ಎಂದ, ಮೆತ್ತಗೆ.

ದೊಡ್ಡ ಡಾಕ್ಟರ ಕಿವಿಗೂ ಬಿತ್ತು. ಮರುದಿನ ಅವರ ಕಡೆಯಿಂದ ಒಂದು ಡಜನ್ ಪೆನ್ಸಿಲ್ ಅವಳ ಮೇಜಿಗೆ ಬಂತು. ಅವರ ಮಟ್ಟಿಗೆ ಅದೇ ಹೆಚ್ಚು.

ಎರಡು ತಿಂಗಳಾದ ಮೇಲೆ ಆ ಮೊಮ್ಮಗಳು ಕಿಟಕಿಗೆ ಬಂದಳು. ಕೈಯಲ್ಲಿ ಬಾಟಲಿಯಿರಲಿಲ್ಲ.

“ನನಗೂ ಆ ಜೀನ್ ಇದೆಯಂತೆ. ಹೆದರಿಕೆ ಆಯ್ತು, ಸುಳ್ಳು ಹೇಳಲ್ಲ. ಆದ್ರೆ ಮೊದಲೇ ಗೊತ್ತಾಯ್ತಲ್ಲ, ಪ್ರತಿವರ್ಷ ಪರೀಕ್ಷೆ ಮಾಡ್ತಾರೆ, ಬಂದ್ರೂ ಬೇಗ ಹಿಡೀತಾರೆ. ಅಜ್ಜಿಗೆ ಆ ಪುಣ್ಯ ಇರ್ಲಿಲ್ಲ.” ಕಿಟಕಿಯತ್ತ ಬಗ್ಗಿ ಕೇಳಿದಳು. “ನಮ್ಮಜ್ಜಿನ ಇಷ್ಟು ವರ್ಷ ಇಟ್ಕೊಂಡಿದ್ರಂತೆ. ನೀವು ಅವರಿಗೆ ಏನಾಗ್ಬೇಕು?”

ಮೂವತ್ತೊಂದು ವರ್ಷ ತಾನು ಊರವರನ್ನೆಲ್ಲ ಕೇಳಿದ ಪ್ರಶ್ನೆ. ಮೇಣದಕ್ಕ ಕೈಯಲ್ಲಿದ್ದ ಪೆನ್ಸಿಲನ್ನು ಕಟ್ಟೆ ಮೇಲಿಟ್ಟಳು.

“ಅವರ ಮುಖಾನೂ ನೋಡಿಲ್ಲ ತಾಯಿ. ಉಗುರಿನಷ್ಟು ನೋಡಿದ್ದೀನಿ. ಅದನ್ನ ಜೋಪಾನವಾಗಿ ಇಟ್ಟಿದ್ದೆ, ಅಷ್ಟೆ.”

ಹುಡುಗಿ ಕಿಟಕಿಯ ಕಟ್ಟೆ ಮೇಲಿದ್ದ ಪೆನ್ಸಿಲನ್ನು ಅವಳತ್ತ ಸರಿಸಿದಳು.

“ಹಾಗಾದ್ರೆ ಅಜ್ಜಿ ಕಾರ್ಡಲ್ಲಿ ಇನ್ನೊಂದು ಬರ್ಕೊಳ್ಳಿ. ಮೊಮ್ಮಗಳು ಬಂದಿದ್ಲು, ಚೆನ್ನಾಗಿದ್ದಾಳೆ ಅಂತ.”